ಸಂಡಿಗೆ ಕಾಯುವ ರಜೆ

ಏಪ್ರಿಲ್ ೧೦ ಎಂದರೆ ಕರ್ನಾಟಕದಲ್ಲಿ ಓದಿದ ಹಿರಿಯರಿಗೆ ಬೇರೆ ವಿವರಣೆ ಬೇಕಿಲ್ಲ. ಅದು ಶಾಲೆಗಳಲ್ಲಿ ಪಾಸು-ಫೇಲು ಹೇಳುತ್ತಿದ್ದ ದಿನ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ದೇವರಿಗೆ ಕೈಮುಗಿದು ಹೋಗುತ್ತಿದ್ದ ಮಕ್ಕಳು ಪಾಸೆಂದು ತಿಳಿದ ಮರುಗಳಿಗೆ ಮನೆಗೆ ಓಡುತ್ತಿದ್ದರು, ಮರುದಿನ ಬಸ್‌ಸ್ಟ್ಯಾಂಡಿಗೆ. ಕೈಚೀಲದಲ್ಲಿ ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ಅಜ್ಜಿಯ ಊರಿಗೆ ಹೊರಟರೆ, ಮತ್ತೆ ಶಾಲೆಯ ನೆನಪಾಗುತ್ತಿದ್ದುದು ಮೇ ತಿಂಗಳ ಕೊನೆಗೆ, ಹೊಸ ಪುಸ್ತಕಗಳಿಗೆ ರಟ್ಟು ಹಾಕುವ ಹೊತ್ತಿಗೇ.

ಆ ರಜೆಯ ಬಗ್ಗೆ ಮಾತು ಬಂದಾಗಲೆಲ್ಲ ಮಾವಿನ ತೋಪು, ಕೆರೆಯ ಈಜು, ಬುಗುರಿ, ಚೌಕಾಬಾರ, ರಾತ್ರಿಯ ಕತೆಗಳು ನೆನಪಾಗುತ್ತವೆ. ಆದರೆ ಅದೇ ರಜೆಯಲ್ಲಿ ಮಕ್ಕಳ ಪಾಲಿಗೆ ಬರುತ್ತಿದ್ದ ಒಂದು ಕೆಲಸವನ್ನು ನೆನೆಯುವವರು ಕಡಿಮೆ. ಅದು ಸಂಡಿಗೆ ಕಾಯುವ ಕೆಲಸ.

ಬೆಳಗಿನ ಜಾವದ ಸಡಗರ

ಸಂಡಿಗೆಯ ಸಿದ್ಧತೆ ಹಿಂದಿನ ದಿನವೇ ಆರಂಭ. ಅಕ್ಕಿ ನೆನೆಯಬೇಕು, ರುಬ್ಬಬೇಕು. ಕೋಳಿ ಕೂಗುವ ಹೊತ್ತಿಗೆ ಎದ್ದು ದೊಡ್ಡ ಪಾತ್ರೆಯಲ್ಲಿ ಹಿಟ್ಟು ಬೇಯಿಸಬೇಕು. ಗಂಟಾಗದಂತೆ ತೊಳಸುವ ಕೆಲಸಕ್ಕೆ ತೋಳಿನ ಬಲವೇ ಬೇಕು. ಬಿಸಿಲೇರುವ ಮೊದಲೇ ಹಿಟ್ಟು ಮಹಡಿಯ ಮೇಲಕ್ಕೆ ಹೋಗಬೇಕು. ಅಲ್ಲಿ ಹಳೆಯ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಚಕ್ಕುಲಿ ಒರಳಿನಲ್ಲಿ ಒತ್ತುತ್ತ ಹೋದರೆ ಹತ್ತು ಗಂಟೆಯ ಹೊತ್ತಿಗೆ ಪಂಚೆಯ ತುಂಬ ಬಿಳಿಯ ಸಾಲುಗಳು.

ಅಷ್ಟಾದ ಮೇಲೆ ದೊಡ್ಡವರಿಗೆ ಅಡುಗೆಯ ಚಿಂತೆ. ಆಗ ಅಜ್ಜಿಯ ಅಪ್ಪಣೆಯಾಗುತ್ತಿತ್ತು.

"ಲೋ ಪುಟ್ಟ, ಇಲ್ಲೇ ಮೆಟ್ಟಿಲ ನೆರಳಲ್ಲಿ ಕೂತಿರು. ಕಾಗೆ ಬಂದ್ರೆ ಓಡಿಸು. ಮೋಡ ಆದ್ರೆ ಕೂಗು."

"ಎಷ್ಟು ಹೊತ್ತು ಅಜ್ಜಿ?"

"ಒಣಗೋ ತನಕ!"

ಕೈಯಲ್ಲೊಂದು ಕೋಲು, ಪಕ್ಕದಲ್ಲಿ ನೀರಿನ ಚೊಂಬು, ಕಾಗೆಯನ್ನು ಹೆದರಿಸಲು ಬಿಚ್ಚಿಟ್ಟ ಒಂದು ಕಪ್ಪು ಕೊಡೆ. ಸಂಬಳವೂ ಇರುತ್ತಿತ್ತು: ಪಾತ್ರೆಯ ತಳದಲ್ಲಿ ಉಳಿದ ಬಿಸಿ ಹಿಟ್ಟು, ಉದ್ದಿನ ಹಪ್ಪಳವಾದರೆ ಎಣ್ಣೆ ಸವರಿದ ಒಂದು ಹಸಿ ಉಂಡೆ. ಕಾಗೆಗಿಂತ ಹೆಚ್ಚಾಗಿ ಕಾವಲುಗಾರನೇ ಅರೆ ಒಣಗಿದ ಸಂಡಿಗೆಯನ್ನು ಮುಗಿಸುತ್ತಿದ್ದುದುಂಟು. ಅಜ್ಜಿಗೆ ಅದು ಗೊತ್ತಿರುತ್ತಿತ್ತು. ಅದಕ್ಕೇ ಒಂದು ಸಾಲು ಹೆಚ್ಚೇ ಒತ್ತಿರುತ್ತಿದ್ದಳು.

ಊರಿಗೊಂದು ಬಗೆ

ಈ ಬೇಸಿಗೆಯ ಕೆಲಸ ನಾಡಿನ ಉದ್ದಗಲಕ್ಕೂ ಇತ್ತು; ರೂಪ ಮಾತ್ರ ಬೇರೆ. ಹಳೆ ಮೈಸೂರಿನ ಕಡೆ ಬೂದುಗುಂಬಳ ಹಾಕಿದ ಅರಳು ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳಕದ ಮೆಣಸಿನಕಾಯಿ. ಕರಾವಳಿ, ಮಲೆನಾಡುಗಳಲ್ಲಿ ಹಲಸಿನ ಹಪ್ಪಳ. ಬಲಿತ ಕಾಯಿಯ ತೊಳೆಗಳನ್ನು ಬೇಯಿಸಿ, ಉಪ್ಪು ಖಾರ ಸೇರಿಸಿ ಕುಟ್ಟಿ, ಉಂಡೆಗಳನ್ನು ಎರಡು ಮಣೆಗಳ ನಡುವೆ ಒತ್ತಿ ಚಾಪೆಯ ಮೇಲೆ ಒಣಗಿಸುವುದು. ಹೊಳೆಯ ದಂಡೆಯ ಮರಗಳಿಂದ ಇಳಿಸಿದ ಅಪ್ಪೆಮಿಡಿ ಭರಣಿಯಲ್ಲಿ ಉಪ್ಪಿನೊಡನೆ ಕೂಡುತ್ತಿದ್ದುದೂ ಇದೇ ಬೇಸಿಗೆಯಲ್ಲಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಶ್ಯಾವಿಗೆಯ ಸರದಿ. ಗೋದಿಯ ಹಿಟ್ಟನ್ನು ಹದವಾಗಿ ನಾದಿ, ಶ್ಯಾವಿಗೆ ಮಣೆಯ ಮೇಲೆ ಎಳೆ ತೆಗೆದು, ಕೋಲುಗಳ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದರು. ಇಂದು ಒಂದು ಮನೆ, ನಾಳೆ ಪಕ್ಕದ ಮನೆ. ಓಣಿಯ ಹೆಂಗಸರೆಲ್ಲ ಮುಯ್ಯಿಗೆ ಮುಯ್ಯಿ ಬಂದು ಕೂರುತ್ತಿದ್ದರು.

ಇದೆಲ್ಲ ಬಾಯಿಚಪಲಕ್ಕೆ ಮಾಡಿದ್ದಲ್ಲ. ಮಳೆ ಹಿಡಿದರೆ ತರಕಾರಿ ಸಿಗದ, ಸಂತೆಗೂ ಹೋಗಲಾಗದ ದಿನಗಳಿದ್ದವು. ಆ ದಿನಗಳಿಗೆಂದು ಬಿಸಿಲನ್ನೇ ಡಬ್ಬಿಯಲ್ಲಿ ತುಂಬಿಡುವ ಜಾಣತನ ಇದು. ಶಾಲೆಯ ವಿಜ್ಞಾನದ ಪಾಠವೂ ಇದರೊಳಗೇ ಇದೆ. ನೀರಿನಂಶ ಹೋದ ಪದಾರ್ಥದಲ್ಲಿ ಬೂಷ್ಟು ಬೆಳೆಯಲಾರದು. ಆದ್ದರಿಂದ ಸಂಡಿಗೆ ತಿಂಗಳುಗಟ್ಟಲೆ ಕೆಡದು. ಕಾದ ಎಣ್ಣೆಗೆ ಬಿದ್ದಾಗ ಅದರಲ್ಲಿ ಉಳಿದಿದ್ದ ತುಸು ತೇವ ಆವಿಯಾಗಿ ಹೊರಕ್ಕೆ ನುಗ್ಗುತ್ತದೆ. ಸಂಡಿಗೆ ಅರಳುವುದು ಹಾಗೆ. ಸರಿಯಾಗಿ ಒಣಗದ್ದು ಡಬ್ಬಿಯಲ್ಲೇ ಕೆಡುತ್ತದೆ.

ಅಂಕಪಟ್ಟಿಯಲ್ಲಿಲ್ಲದ ಪರೀಕ್ಷೆ

ಮೆಟ್ಟಿಲ ಮೇಲೆ ಕೂತ ಮಗು ಕಲಿಯುತ್ತಿದ್ದುದಾದರೂ ಏನು? ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಸರಿಯುತ್ತದೆ ಎಂಬುದು ತಿಳಿಯುತ್ತಿತ್ತು. ಯಾವ ದಿಕ್ಕಿನ ಗಾಳಿ ಮೋಡ ತರುತ್ತದೆ ಎಂಬುದು ತಿಳಿಯುತ್ತಿತ್ತು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ ಎಂದು ಮಳೆ ನಕ್ಷತ್ರಗಳ ಹೆಸರು ಯಾರೂ ಬಾಯಿಪಾಠ ಮಾಡಿಸದೆಯೇ ಬರುತ್ತಿತ್ತು. ಹಪ್ಪಳವನ್ನು ಎಣಿಸಿ ಅಡಕಿ ಡಬ್ಬಿಗೆ ತುಂಬುವಾಗ ಮಗ್ಗಿಯೂ ಆಗುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಮಧ್ಯಾಹ್ನ ಮೂರಕ್ಕೆ ದಢಕ್ಕನೆ ಮೋಡ ಕವಿದು, ಹುಡುಗ ಆಟಕ್ಕೆ ಓಡಿಹೋಗಿದ್ದರೆ, ಇಡೀ ಮನೆಯ ಎರಡು ದಿನದ ದುಡಿಮೆ ನೀರುಪಾಲು. ಆ ಅಪಾಯ ನಿಜವಾದದ್ದು. ಅದು ಗೊತ್ತಿದ್ದೂ ಹಿರಿಯರು ಎಂಟು-ಹತ್ತು ವರ್ಷದ ಮಗುವಿನ ಕೈಗೆ ಕೋಲು ಕೊಟ್ಟು ಕೆಳಗಿಳಿದು ಹೋಗುತ್ತಿದ್ದರು. 'ಈ ಮನೆಗೆ ನೀನು ಬೇಕು' ಎಂಬುದನ್ನು ಬಾಯಿ ಬಿಟ್ಟು ಹೇಳುವ ಪದ್ಧತಿ ಆ ಕಾಲದಲ್ಲಿರಲಿಲ್ಲ. ಕೆಲಸ ಒಪ್ಪಿಸುವುದೇ ಅದನ್ನು ಹೇಳುವ ರೀತಿ. ತಪ್ಪಿದರೆ ಬೈಗುಳ ಸಿಗುತ್ತಿತ್ತು. ಆದರೆ ಮರುದಿನ ಅದೇ ಮಗುವಿನ ಕೈಗೆ ಮತ್ತೆ ಅದೇ ಕೋಲು.

ಕಾಲ ಸರಿದಂತೆ

ಕಾಲ ನಿಲ್ಲುವುದಿಲ್ಲ. ೧೯೫೯ರ ಮಾರ್ಚ್ ೧೫ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ತಂದು, ಕಟ್ಟಡವೊಂದರ ಮಹಡಿಯ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಅದೇ ಮುಂದೆ ದೇಶಕ್ಕೆಲ್ಲ ಪರಿಚಿತವಾದ ಲಿಜ್ಜತ್ ಪಾಪಡ್ ಆಯಿತು. ಮನೆಯ ಮಹಡಿಯಲ್ಲಿದ್ದ ಹಪ್ಪಳ ಪೊಟ್ಟಣವಾಗಿ ಅಂಗಡಿಗೆ ಬಂತು. ಅದರಿಂದ ಸಾವಿರಾರು ಹೆಂಗಸರಿಗೆ ಸಂಪಾದನೆಯ ದಾರಿಯಾಯಿತು, ಸಂತೋಷವೇ. ಹಳೆಯ ಸಡಗರವನ್ನು ಹೊಗಳುವಾಗ ಮರೆಯಬಾರದ ಮಾತೂ ಒಂದಿದೆ. ಆ ಬೆಳಗಿನ ಜಾವದ ದುಡಿಮೆಯೆಲ್ಲ ಹೆಂಗಸರದೇ. ಅಜ್ಜಿಯ ಸೊಂಟನೋವನ್ನು ವಿಚಾರಿಸಿದವರಿಲ್ಲ. ಹುಡುಗ ಕೋಲು ಹಿಡಿದು ಕೂತರೆ, ಅವನ ಅಕ್ಕ ಒರಳ ಮುಂದೆ ಕೂರಬೇಕಿತ್ತು. ಆ ಭಾರ ಇಳಿದದ್ದು ಒಳ್ಳೆಯದೇ.

ಆದರೆ ರಜೆಯ ಚಹರೆಯೇ ಬದಲಾಯಿತು. ಕರ್ನಾಟಕದಲ್ಲಿ ೧೯೯೪ರಲ್ಲಿ ಸಿಇಟಿ ಬಂತು. ಆಮೇಲೆ ನೀಟ್, ಜೆಇಇಗಳೂ ಮನೆಮಾತಾದವು. ಹಳ್ಳಿಯ ಬಡ ಮಕ್ಕಳಿಗೂ ಅಂಕದ ಬಲದಿಂದ ಸೀಟು ಸಿಗುವ ಬಾಗಿಲು ತೆರೆದದ್ದು ಹೌದು. ಅದರ ಜೊತೆಗೇ ಏಪ್ರಿಲ್, ಮೇ ತಿಂಗಳುಗಳು ಕೋಚಿಂಗ್ ತಿಂಗಳುಗಳಾದವು. ಹತ್ತನೆಯ ತರಗತಿಯ ಪಾಠವನ್ನು ರಜೆಯಲ್ಲೇ ಶುರುಮಾಡುವ ಶಾಲೆಗಳಿವೆ. ಚಿಕ್ಕ ಮಕ್ಕಳಿಗೆ ಬೇಸಿಗೆ ಶಿಬಿರಗಳಿವೆ. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ಕಡೆ ನಾಟಕ, ಹಾಡು, ಮಣ್ಣಿನ ಕೆಲಸ ಕಲಿತು ಅರಳಿದ ಮಕ್ಕಳು ಎಷ್ಟೋ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೆ ಬೀಗ. ತಂದೆ ತಾಯಿ ಇಬ್ಬರಿಗೂ ಕಚೇರಿ. ಅಜ್ಜಿ ಊರಲ್ಲಿ ಒಬ್ಬಳೇ, ಇಲ್ಲವೇ ಮಗನ ಮನೆಯ ಟಿವಿಯ ಮುಂದೆ. ಉಳಿದ ಹೊತ್ತನ್ನು ಮಕ್ಕಳ ಕೈಯ ಮೊಬೈಲು ನುಂಗುತ್ತದೆ.

ಹೀಗಾಗಿ ಇಂದಿನ ಮಗುವಿಗಾಗಿ ಎಲ್ಲರೂ ದುಡಿಯುತ್ತಾರೆ. ಅದನ್ನು ಶಿಬಿರಕ್ಕೆ ಬಿಡುವವರಿದ್ದಾರೆ, ಕರೆತರುವವರಿದ್ದಾರೆ, ಶುಲ್ಕ ಕಟ್ಟುವವರಿದ್ದಾರೆ. ಆದರೆ ಅದು ಮಾಡದಿದ್ದರೆ ಮನೆಯಲ್ಲಿ ನಿಂತುಹೋಗುವಂಥ ಒಂದೇ ಒಂದು ಕೆಲಸವೂ ಅದರ ಪಾಲಿಗಿಲ್ಲ. ಕಳೆದುಹೋದದ್ದು ಸಂಡಿಗೆಯಾಗಿದ್ದರೆ ಅಂಗಡಿಯಲ್ಲಿ ಸಿಗುತ್ತಿತ್ತು. ಕಳೆದುಹೋಗುತ್ತಿರುವುದು ಆ ಕೋಲು.

ಒಂದು ಕೆಲಸ ಸಾಕು

ಹಿಂದಿನ ಬೇಸಿಗೆ ಮರಳಿ ಬಾರದು. ಬರಬೇಕಾಗಿಯೂ ಇಲ್ಲ. ರಾಯಚೂರು, ಕಲಬುರಗಿಗಳಲ್ಲಿ ೪೦ ಡಿಗ್ರಿ ದಾಟುವ ಬಿಸಿಲಿನಲ್ಲಿ ನಡುಮಧ್ಯಾಹ್ನ ಮಕ್ಕಳನ್ನು ಮಹಡಿಯ ಮೇಲೆ ಕೂರಿಸುವುದೂ ಸಲ್ಲ. ಆದರೆ ಬಾಲ್ಕನಿಯ ಬಿಸಿಲಿನಲ್ಲಿ ಒಂದು ತಟ್ಟೆ ಸಬ್ಬಕ್ಕಿ ಸಂಡಿಗೆ ಒಣಗೀತು. ರಜೆಯ ಎರಡು ತಿಂಗಳು ಗಿಡಗಳಿಗೆ ನೀರು ಹಾಕುವುದು, ಹಕ್ಕಿಗಳಿಗೆ ಬಟ್ಟಲಲ್ಲಿ ನೀರಿಡುವುದು, ತಾತನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವುದು, ತರಕಾರಿಯ ಲೆಕ್ಕ ಬರೆಯುವುದು: ಯಾವುದಾದರೂ ಒಂದು ಪೂರ್ತಿಯಾಗಿ ಮಗುವಿನದೇ ಆಗಿರಲಿ. ಹುಡುಗನಿಗೂ ಹುಡುಗಿಗೂ ಒಂದೇ ನಿಯಮ. ಒಪ್ಪಿಸಿದ ಮೇಲೆ ಹಿಂದೆ ನಿಂತು ಗೊಣಗಬಾರದು. ಒಂದೆರಡು ಸಲ ಗಿಡ ಬಾಡಿದರೂ ಕೆಲಸ ಕಿತ್ತುಕೊಳ್ಳಬಾರದು. ತಂದೆ ತಾಯಿಯರಿಗೆ ಕಷ್ಟವಾಗುವುದು ಇದೇ.

ಕೋಚಿಂಗಿಗೆ ಹೋಗುವ ದೊಡ್ಡ ಮಕ್ಕಳಿಗೂ ದಿನಕ್ಕೆ ಅರ್ಧ ಗಂಟೆಯ ಇಂಥ ಕೆಲಸ ಹೊರೆಯಾಗದು. ಪುಸ್ತಕದಿಂದ ತಲೆಯೆತ್ತಿದ ಮನಸ್ಸಿಗೆ ಅದೇ ವಿಶ್ರಾಂತಿ. ಅಂಕ ಕಡಿಮೆ ಬಂದ ದಿನವೂ, ತಾನಿಲ್ಲದೆ ಮನೆಯಲ್ಲೊಂದು ಕೆಲಸ ನಡೆಯದು ಎಂಬ ಧೈರ್ಯ ಅವರ ಬೆನ್ನಿಗಿರುತ್ತದೆ.

ಜೂನ್ ಬರುತ್ತದೆ. ಮೃಗಶಿರಾ ಮಳೆ ಹಿಡಿಯುತ್ತದೆ. ಶಾಲೆಯಿಂದ ತೊಪ್ಪೆಯಾಗಿ ಬಂದ ಮಕ್ಕಳಿಗೆ ಬಿಸಿ ಅನ್ನ, ಸಾರು. ಅಜ್ಜಿ ಡಬ್ಬಿ ತೆಗೆದು ನಾಲ್ಕು ಸಂಡಿಗೆ ಕರಿಯುತ್ತಾಳೆ. ಬಡಿಸುವಾಗ ಮನೆಗೆ ಬಂದ ನೆಂಟರಿಗೆ ಕೇಳುವಂತೆ ಒಂದು ಮಾತು ಹೇಳುತ್ತಾಳೆ:

"ತಿನ್ನಿ, ತಿನ್ನಿ. ನಮ್ಮ ಪುಟ್ಟ ಕಾಯ್ದ ಸಂಡಿಗೆ ಇದು."

ಪುಟ್ಟ ತಲೆ ತಗ್ಗಿಸಿ ಊಟ ಮಾಡುತ್ತಾನೆ. ಆದರೆ ಆ ಮಾತು ಅವನ ಕಿವಿಗೆ ಬಿದ್ದಿರುತ್ತದೆ.