72 ಊಟ, ಒಂದು ಕರಿ ಗೌನು

ಊಟ ಮಾಡಿದರೆ ವಕೀಲರಾಗಬಹುದೇ? ಇದು ತಮಾಷೆಯ ಪ್ರಶ್ನೆ ಎನಿಸೀತು. ಆದರೆ ಬ್ಯಾರಿಸ್ಟರ್ ಆಗಲೆಂದು ಹಡಗು ಹತ್ತಿ ಲಂಡನ್ನಿಗೆ ಹೋದವರಿಗೆ ಪರೀಕ್ಷೆ ಪಾಸಾದರಷ್ಟೇ ಸಾಲುತ್ತಿರಲಿಲ್ಲ. ಲೆಕ್ಕವಿಟ್ಟು ಇಂತಿಷ್ಟು ರಾತ್ರಿ ಊಟಗಳನ್ನೂ ಮುಗಿಸಬೇಕಿತ್ತು. ಊಟದ ಹಾಜರಿ ತಪ್ಪಿದರೆ ಗೌನು ಹಾಕುವ ಹಕ್ಕೂ ತಪ್ಪುತ್ತಿತ್ತು. ಗಾಂಧೀಜಿ, ಜಿನ್ನಾ, ನೆಹರೂ, ಅಂಬೇಡ್ಕರ್ ಎಲ್ಲರೂ ಈ ಪಂಕ್ತಿಯಲ್ಲಿ ಕುಳಿತೇ ಬ್ಯಾರಿಸ್ಟರ್ ಆದವರು.

ಏನಿದು ಊಟದ ಶಾಸ್ತ್ರ? ಇದು ಹುಟ್ಟಿದ್ದು ಹೇಗೆ?

ಲಂಡನ್ನಿನಲ್ಲಿ 'ಇನ್ಸ್ ಆಫ್ ಕೋರ್ಟ್' ಎಂಬ ನಾಲ್ಕು ಹಳೆಯ ಸಂಸ್ಥೆಗಳಿವೆ: ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಪಟ್ಟ ಕೊಡುವ ಅಧಿಕಾರ ಇಂದಿಗೂ ಇವಕ್ಕೇ ಸೇರಿದ್ದು. 'ಇನ್' ಎಂದರೆ ಛತ್ರ, ತಂಗುವ ಮನೆ. ಮಧ್ಯಯುಗದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳು ರೋಮನ್ ಕಾನೂನನ್ನೂ ಚರ್ಚಿನ ಕಾನೂನನ್ನೂ ಕಲಿಸುತ್ತಿದ್ದವು. ರಾಜನ ನ್ಯಾಯಾಲಯಗಳಲ್ಲಿ ನಿಜವಾಗಿ ನಡೆಯುತ್ತಿದ್ದ ಇಂಗ್ಲಿಷ್ ಕಾನೂನನ್ನು ಅಲ್ಲಿ ಹೇಳಿಕೊಡುವವರು ಇರಲಿಲ್ಲ. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಬ್ಲ್ಯಾಕ್‌ಸ್ಟನ್ ಅದರ ಬಗ್ಗೆ ಉಪನ್ಯಾಸ ಶುರುಮಾಡಿದ್ದು 1753ರಲ್ಲಿ. ಅಲ್ಲಿಯವರೆಗೆ ವಕೀಲಿ ಕಲಿಯಬೇಕೆಂಬ ಹುಡುಗ ವಕೀಲರಿರುವ ಛತ್ರಕ್ಕೇ ಹೋಗಿ ಸೇರಬೇಕಿತ್ತು.

ಹಗಲು ನ್ಯಾಯಾಲಯದಲ್ಲಿ ನಿಂತು ಹಿರಿಯರ ವಾದ ಕೇಳುವುದು, ಸಂಜೆ ಅವರೊಂದಿಗೆ ದೊಡ್ಡ ಹಜಾರದಲ್ಲಿ ಊಟಕ್ಕೆ ಕೂರುವುದು. ಊಟವಾದ ಮೇಲೆ ಯಾರಾದರೊಬ್ಬರು ಕಲ್ಪಿತ ದಾವೆಯೊಂದನ್ನು ಮುಂದಿಡುತ್ತಿದ್ದರು. ಹುಡುಗರು ವಾದಿ, ಪ್ರತಿವಾದಿಗಳ ಪರ ನಿಲ್ಲುತ್ತಿದ್ದರು. ಹಿರಿಯರು ನ್ಯಾಯಾಧೀಶರಾಗಿ ಕುಳಿತು ತಪ್ಪು ತಿದ್ದುತ್ತಿದ್ದರು. ಇಂದು ನಮ್ಮ ಕಾನೂನು ಕಾಲೇಜುಗಳಲ್ಲಿ ನಡೆಯುವ ಅಣಕು ನ್ಯಾಯಾಲಯದ ಮೂಲ ಇದೇ. ಹೀಗೆ ಊಟದ ಮನೆಯೇ ಪಾಠಶಾಲೆಯಾಗಿತ್ತು.

1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಶುರುವಾದಾಗ ಈ ಪಾಠಗಳು ನಿಂತವು. ಶಾಂತಿ ಬಂದ ಮೇಲೂ ಅವು ಚೇತರಿಸಿಕೊಳ್ಳಲಿಲ್ಲ. ಅಚ್ಚಿನ ಪುಸ್ತಕಗಳು ಸಿಗತೊಡಗಿದ್ದವು, ಹಿರಿಯರಿಗೆ ಕಲಿಸುವ ಉತ್ಸಾಹ ಉಳಿದಿರಲಿಲ್ಲ. ಪಾಠ ಹೋಯಿತು, ಪಂಕ್ತಿ ಉಳಿಯಿತು. ಬ್ಯಾರಿಸ್ಟರ್ ಆಗಲು ಪರೀಕ್ಷೆ ಕಡ್ಡಾಯವಾದದ್ದು 1872ರಲ್ಲಿ. ಅಲ್ಲಿಯವರೆಗೆ ಮುಖ್ಯ ಅರ್ಹತೆ ಊಟದ ಹಾಜರಿಯೇ!

ಲೆಕ್ಕ ಹೀಗೆ: ವರ್ಷಕ್ಕೆ ನಾಲ್ಕು ಅವಧಿ, ಮೂರು ವರ್ಷಕ್ಕೆ ಹನ್ನೆರಡು. ಅವಧಿಗೆ ಕನಿಷ್ಠ ಆರು ಊಟ. ಒಟ್ಟು 72. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿಗೆ ರಿಯಾಯಿತಿ, ಅವಧಿಗೆ ಮೂರೇ ಸಾಕು. ನಾಲ್ಕು ನಾಲ್ಕು ಮಂದಿಯ ಗುಂಪುಗಳಲ್ಲಿ ಕೂರಬೇಕು, ಗೌನು ತೊಟ್ಟಿರಬೇಕು. 'ಬೆಂಚರ್' ಎನಿಸಿಕೊಂಡ ಹಿರಿಯರಿಗೆ ಎತ್ತರದ ಕಟ್ಟೆಯ ಮೇಲೆ ಬೇರೆ ಮೇಜು. ಮಿಡಲ್ ಟೆಂಪಲ್‌ನಲ್ಲಿರುವ ಅಂಥ ಮೇಜು 29 ಅಡಿ ಉದ್ದದ್ದು, ಒಂದೇ ಓಕ್ ಮರದ ಹಲಗೆಗಳಿಂದ ಮಾಡಿದ್ದು. 1602ರಲ್ಲಿ ಷೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕ ಆಡಿದ್ದೂ ಆ ಹಜಾರದಲ್ಲೇ.

ಗಾಂಧಿಯ ಪಾಲಿನ ಮದ್ಯ

1888ರಲ್ಲಿ ಮೋಹನದಾಸ ಗಾಂಧಿ ಇನ್ನರ್ ಟೆಂಪಲ್ ಸೇರಿದರು. ಹೊರಡುವ ಮುನ್ನವೇ ಮುಂಬೈಯಲ್ಲಿ ಅವರ ಜಾತಿಯ ಮುಖಂಡರು ಸಭೆ ಕರೆದು ಬಹಿಷ್ಕಾರ ಹಾಕಿದ್ದರು. ಅಲ್ಲಿಗೆ ಹೋದರೆ ಬಿಳಿಯರೊಂದಿಗೆ ತಿಂದು ಕುಡಿಯಬೇಕಾಗುತ್ತದೆ ಎಂಬುದು ಅವರ ಆಕ್ಷೇಪ. ಅವರು ಯಾವುದಕ್ಕೆ ಹೆದರಿದ್ದರೋ ಇನ್ನರ್ ಟೆಂಪಲ್‌ನಲ್ಲಿ ಅದೇ ಕಡ್ಡಾಯ!

ಮಾಂಸ, ಮದ್ಯ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದ ಗಾಂಧಿಗೆ ಆ ಮೇಜಿನಲ್ಲಿ ಸಿಗುತ್ತಿದ್ದುದು ಬ್ರೆಡ್ಡು, ಬೇಯಿಸಿದ ಆಲೂಗೆಡ್ಡೆ, ಎಲೆಕೋಸು. ಕೊಡಬೇಕಾದದ್ದು ಮಾತ್ರ ಎರಡೂವರೆಯಿಂದ ಮೂರೂವರೆ ಶಿಲ್ಲಿಂಗ್. ನಾಲ್ವರ ಗುಂಪಿಗೆ ಎರಡು ಬಾಟಲಿ ವೈನ್ ಬರುತ್ತಿತ್ತು. ಕುಡಿಯದ ಗಾಂಧಿ ಜೊತೆಗಿದ್ದರೆ ಆ ಎರಡೂ ಉಳಿದ ಮೂವರ ಪಾಲು. ಹಾಗಾಗಿ ಅವರನ್ನು ತಮ್ಮ ಗುಂಪಿಗೆ ಕರೆಯಲು ಪೈಪೋಟಿ ನಡೆಯುತ್ತಿತ್ತೆಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕೊನೆಗೆ ಅವರೂ ಒಬ್ಬ ಪಾರ್ಸಿ ವಿದ್ಯಾರ್ಥಿಯೂ ಸೇರಿ ಅರ್ಜಿ ಕೊಟ್ಟು, ಬೆಂಚರ್‌ಗಳ ಮೇಜಿಗೆ ಹೋಗುತ್ತಿದ್ದ ಹಣ್ಣು, ತರಕಾರಿ ತಮಗೂ ಸಿಗುವಂತೆ ಮಾಡಿಕೊಂಡರು.

ಆದರೆ ಈ ಊಟದಿಂದ ವಕೀಲನಿಗೇನು ಲಾಭ ಎಂಬುದು ಮಾತ್ರ ಗಾಂಧಿಗೆ ತಿಳಿಯಲಿಲ್ಲ. ಹಿಂದೆ ವಿದ್ಯಾರ್ಥಿಗಳು ಕಡಿಮೆಯಿದ್ದಾಗ ಹಿರಿಯರೊಡನೆ ಮಾತುಕತೆ ನಡೆಯುತ್ತಿತ್ತು, ಲೋಕಜ್ಞಾನವೂ ಮಾತಿನ ನಯವೂ ಬರುತ್ತಿದ್ದವು. ತನ್ನ ಕಾಲಕ್ಕೆ ಬೆಂಚರ್‌ಗಳು ತಮ್ಮ ಪಾಡಿಗೆ ತಾವು ಬೇರೆ ಮೇಜಿನಲ್ಲಿ ಉಣ್ಣುತ್ತಿದ್ದರು ಎಂಬುದು ಅವರ ದೂರು. ಪಂಕ್ತಿಭೇದವಾದಲ್ಲಿ ಪಾಠವಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಹಿಡಿದಿದ್ದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದ ಗಾಂಧಿ, 12ರಂದು ಊರಿಗೆ ಹಡಗು ಹತ್ತಿದರು. 1922ರಲ್ಲಿ ಅವರಿಗೆ ಜೈಲುಶಿಕ್ಷೆಯಾದಾಗ ಇನ್ನರ್ ಟೆಂಪಲ್ ಅವರ ಹೆಸರು ಹೊಡೆದುಹಾಕಿತು. ಮತ್ತೆ ಸೇರಿಸಿಕೊಂಡದ್ದು 1988ರಲ್ಲಿ.

ಬಾಗಿಲು ತೆರೆದದ್ದು ಯಾರಿಗೆ?

ಪಂಕ್ತಿಭೇದದ ಮಾತು ಬಂದಾಗ ಅಂಬೇಡ್ಕರ್ ನೆನಪಾಗದೆ ಇರುವುದಿಲ್ಲ. 1916ರಲ್ಲಿ ಅವರು ಗ್ರೇಸ್ ಇನ್ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ, ಅಸ್ಪೃಶ್ಯನೆಂಬ ಕಾರಣಕ್ಕೆ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಜಾತಿ ಮುಚ್ಚಿಟ್ಟು ಇದ್ದರೆ, ಗೊತ್ತಾದ ಕೂಡಲೇ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಒಂದು ಛತ್ರ ಹೊರದೂಡಿದ ಅದೇ ಮನುಷ್ಯನನ್ನು, ಇನ್ನೊಂದು ಛತ್ರ ಊಟಕ್ಕೆ ಬಾರದಿದ್ದರೆ ಪದವಿ ಇಲ್ಲ ಎನ್ನುತ್ತಿತ್ತು. 1920ರಲ್ಲಿ ಮರಳಿ ಲಂಡನ್ನಿಗೆ ಹೋದ ಅಂಬೇಡ್ಕರ್ 1922ರಲ್ಲಿ ಬ್ಯಾರಿಸ್ಟರ್ ಆದರು.

ಹಾಗೆಂದು ಆ ಮೇಜು ಎಲ್ಲರಿಗೂ ತೆರೆದಿತ್ತೆಂದಲ್ಲ. ಹೆಂಗಸರಿಗೆ ಅಲ್ಲಿ ಜಾಗ ಸಿಕ್ಕಿದ್ದು 1919ರ ಕಾನೂನಿನ ನಂತರ. ನಮ್ಮ ಕಾರ್ನೇಲಿಯಾ ಸೊರಾಬ್ಜಿ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದದ್ದು 1892ರಲ್ಲಿ, ಲಿಂಕನ್ಸ್ ಇನ್‌ನಿಂದ ಬ್ಯಾರಿಸ್ಟರ್ ಆದದ್ದು 1923ರಲ್ಲಿ. ಮೂರು ದಶಕ ಬಾಗಿಲಲ್ಲೇ ಕಾದಂತಾಯಿತು.

ಹಣದ ಮಾತೂ ಇದೆ. ಹಡಗಿನ ಖರ್ಚು, ಲಂಡನ್ನಿನ ಬಾಡಿಗೆ, ಊಟದ ಶುಲ್ಕ ಭರಿಸಬಲ್ಲವರು ಎಷ್ಟು ಮಂದಿ? ಅಲ್ಲಿಂದ ಬಂದವರಿಗೆ ಇಲ್ಲಿನ ದೊಡ್ಡ ನ್ಯಾಯಾಲಯಗಳಲ್ಲಿ ಮನ್ನಣೆ ಹೆಚ್ಚು. ಊರಲ್ಲೇ ಓದಿದ ವಕೀಲ ಎಷ್ಟೇ ಬುದ್ಧಿವಂತನಾದರೂ ಒಂದು ಮೆಟ್ಟಿಲು ಕೆಳಗೆ. ಈ ಭೇದವನ್ನು ಪೂರ್ತಿ ತೊಡೆದದ್ದು 1961ರ ವಕೀಲರ ಕಾಯಿದೆ.

ನಮ್ಮಲ್ಲೂ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದವರು ಹಳೆಯ ಮೈಸೂರಿನಲ್ಲಿ ಬಹಳ. ಅದು ಬಡ ಹುಡುಗನ ಹಸಿವಿಗೆ ಆಸರೆ, ಲಂಡನ್ನಿನದು ದುಡ್ಡು ಕೊಟ್ಟು ಉಣ್ಣುವ ನಿಯಮ. ಆದರೂ ವಕೀಲರ, ಮೇಷ್ಟರ ಮನೆಯಲ್ಲಿ ವಾರಾನ್ನ ಸಿಕ್ಕ ಹುಡುಗನ ಕಿವಿಗೆ ಅನ್ನದ ಜೊತೆ ಆ ಮನೆಯ ಮಾತೂ ಬೀಳುತ್ತಿತ್ತು. ಅಲ್ಲೂ ಜಾತಿ ನೋಡಿಯೇ ಎಲೆ ಹಾಕುತ್ತಿದ್ದರೆಂಬುದನ್ನು ಮರೆಯುವಂತಿಲ್ಲ.

ಇಂದು ಇನ್‌ಗಳು ಕೇಳುವುದು 72 ಊಟವನ್ನಲ್ಲ, ಹತ್ತು ಕೂಟಗಳನ್ನು. ಉಪನ್ಯಾಸ, ವಾದದ ಅಭ್ಯಾಸ, ವಾರಾಂತ್ಯದ ಶಿಬಿರಗಳೂ ಇದರಲ್ಲಿ ಸೇರುತ್ತವೆ, ಊಟ ಕೆಲವಕ್ಕಷ್ಟೇ. ದೂರದ ಊರಿನವರಿಗೆ ಬಂದುಹೋಗುವ ಖರ್ಚು, ಮುಳ್ಳುಚಮಚದ ರೂಢಿಯಿಲ್ಲದವರಿಗೆ ಮುಜುಗರ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ವಂಶದಲ್ಲೇ ವಕೀಲರಿಲ್ಲದ ಹುಡುಗಿಗೆ ನ್ಯಾಯಮೂರ್ತಿಯ ಪಕ್ಕ ಕೂತು ಮಾತಾಡುವ ಅವಕಾಶ ಬೇರೆಲ್ಲಿ ಸಿಕ್ಕೀತು ಎಂದು ಉತ್ತರಿಸುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ.

ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಸುದ್ದಿಯ ಮೊದಲ ಪ್ಯಾರಾ ಹೇಗಿರಬೇಕೆಂದು ನನಗೆ ಕಲಿಸಿದ್ದರು. ಅಪಘಾತದ ಸುದ್ದಿಯಲ್ಲಿ ಸತ್ತವರ ಹೆಸರು ಹಾಕುವ ಮುನ್ನ ಮನೆಯವರಿಗೆ ವಿಷಯ ಮುಟ್ಟಿದೆಯೇ ಎಂದು ನೋಡು ಎಂದವರು, ಕ್ಯಾಂಟೀನಿನಲ್ಲಿ ತಮ್ಮ ಡಬ್ಬಿಯ ಚಿತ್ರಾನ್ನವನ್ನು ನನ್ನ ತಟ್ಟೆಗೂ ಹಾಕಿದ ಹಿರಿಯ ಉಪಸಂಪಾದಕರು. ಅವರಿಗೆ ಬೇರೆ ಮೇಜು ಇದ್ದಿದ್ದರೆ ಆ ಮಾತು ನನ್ನವರೆಗೆ ಬರುತ್ತಲೇ ಇರಲಿಲ್ಲ.