ಕೋಲಾರದ ನ್ಯೂಟ್ರಿನೋ ಪ್ರಯೋಗವನ್ನು ಜನರಿಗೆ ತಿಳಿಸುವ ಬಗೆ

ಪ್ರಯೋಗದಲ್ಲಿ ತಾವು ಭಾಗಿಗಳಲ್ಲದಿದ್ದರೂ ಅಭಿಮಾನದಿಂದ ಅದನ್ನು ಜನರಿಗೆ ವಿವರಿಸಹೊರಡುವವರು ‘ಕೋಲಾರದ ಚಿನ್ನದ ಗಣಿಯಲ್ಲಿ ನ್ಯೂಟ್ರಿನೋ ಕಂಡರು’ ಎಂದಿಷ್ಟೇ ಹೇಳಿ ಮುಗಿಸುವುದುಂಟು. ಇದು ಸಾಲದೆಂದು ನಮ್ಮ ಅಭಿಪ್ರಾಯ. ನ್ಯೂಟ್ರಿನೋ ಉಪಕರಣಕ್ಕೆ ನೇರವಾಗಿ ಕಾಣತಕ್ಕುದಲ್ಲ.

ಸಾಣಾಪುರದ ವಿದ್ಯಾರ್ಥಿಗಾದರೆ ಅವನ ಊರಿನ ಗ್ರಾನೈಟ್ ಬಂಡೆಗಳಿಂದಲೇ ವಿಷಯವನ್ನು ಆರಂಭಿಸಬಹುದು. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ಮ್ಯೂಆನುಗಳು ನೆಲದ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಹೆಚ್ಚು ಶಕ್ತಿಯುಳ್ಳವು ಅಂತಹ ಬಂಡೆಯನ್ನೂ ತೂರಿಹೋಗುತ್ತವೆ. ಇವುಗಳ ಕಾಟದಿಂದ ಪಾರಾಗಲೆಂದೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹ್ಯಾಮಿನ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳಕ್ಕಿಳಿದರು. (ನಂಜನಗೂಡಿನ ಬಿ. ವಿ. ಶ್ರೀಕಂಠನ್ ಈ ತಂಡದಲ್ಲಿದ್ದುದನ್ನು ಕನ್ನಡಿಗರಿಗೆ ಹೇಳದೆ ಬಿಡಲಾದೀತೆ?) ಅಷ್ಟು ಆಳವನ್ನೂ ಕೆಲವು ಮ್ಯೂಆನುಗಳು ತಲಪುತ್ತವೆ, ಆದರೆ ಅವು ಬಹುಮಟ್ಟಿಗೆ ಮೇಲಿನಿಂದ ಲಂಬವಾಗಿ ಬರತಕ್ಕವು. ಅಡ್ಡಲಾಗಿ ಬರಬೇಕಾದರೆ ದಾಟಬೇಕಾದ ಶಿಲೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದಕಾರಣ 1965ರಲ್ಲಿ ಅಡ್ಡಲಾಗಿ ಹಾಯ್ದ ಮ್ಯೂಆನುಗಳು ದೊರೆತಾಗ, ಅವು ಸಮೀಪದ ಶಿಲೆಯಲ್ಲಿಯೇ ನ್ಯೂಟ್ರಿನೋಗಳಿಂದ ಹುಟ್ಟಿರಬೇಕೆಂಬ ನಿರ್ಣಯವಾಯಿತು. ಪ್ರಯೋಗದ ತಿರುಳೆಲ್ಲ ಈ ದಿಕ್ಕಿನ ಮಾತಿನಲ್ಲಿದೆ.

ಗಣಿ 2001ರಲ್ಲಿ ಮುಚ್ಚಿದ್ದರಿಂದ ಉಪಕರಣವಿದ್ದ ಸ್ಥಳವನ್ನು ತೋರಿಸುವಂತಿಲ್ಲ. ಕರಿಹಲಗೆಯ ಮೇಲೆ ಒಂದು ಲಂಬರೇಖೆಯನ್ನೂ ಒಂದು ಅಡ್ಡರೇಖೆಯನ್ನೂ ಎಳೆದರೆ ಕೆಲಸ ನಡೆಯುತ್ತದೆ.