ಹತ್ತು ವರ್ಷ ಕಾಲುದಾರಿಯಾಗಿದ್ದ ರೈಲು ಹಾದಿ

ರಾಯಚೂರಿಗೆ ರೈಲು ಬಂದು ಒಂದೂವರೆ ಶತಮಾನ ಕಳೆದಿದೆ. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಕೂಡಿದ್ದು ಇಲ್ಲೇ. ಆದರೆ ಅದೇ ಜಿಲ್ಲೆಯ ದೇವದುರ್ಗದವರು ರೈಲು ಹತ್ತಬೇಕಾದರೆ ಇಂದಿಗೂ ಮೊದಲು ಬಸ್ ಹತ್ತಬೇಕು. ಗಿಣಿಗೇರಾ–ರಾಯಚೂರು ಮಾರ್ಗದಲ್ಲಿ 2024ರಲ್ಲಿ ರೈಲು ಸಿಂಧನೂರು ಮುಟ್ಟಿದ ಮೇಲೆ ಮಾನ್ವಿಯವರ ಕಣ್ಣು ಆ ದಿಕ್ಕಿಗೇ ನೆಟ್ಟಿದೆ. ಹೀಗೆ ಹಳಿಗಾಗಿ ಕಾಯುವ ಸೀಮೆಯಿಂದ ಹೋದವನಿಗೆ, ಹಾಕಿದ ಹಳಿಯ ಮೇಲೆ ರೈಲೇ ಇಲ್ಲದೆ ಹುಲ್ಲು ಬೆಳೆದದ್ದನ್ನು ಕಂಡಾಗ ಹೊಟ್ಟೆ ಚುರ್ ಎಂದಿತ್ತು.

ಅದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದ ಹಾದಿ. ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜ್ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಅದರಲ್ಲಿ ಘಟ್ಟ ಇಳಿಯುವ ಸುಮಾರು 55 ಕಿಲೋಮೀಟರ್ ಮಾತ್ರ ಬೇರೆಯದೇ ಲೋಕ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ನಡೆಯುವವನಿಗೆ ಇದು ಗೊತ್ತೇ ಆಗುವುದಿಲ್ಲ, ರೈಲಿಗೆ ಮಾತ್ರ ಕಡಿದಾದ ಗುಡ್ಡ.

1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ರೈಲು ನಿಲ್ಲಿಸಿದರು. ಕೆಲಸ ಮುಗಿದು ಗೂಡ್ಸ್ ರೈಲು ಮತ್ತೆ ಓಡಲು 2006 ಬಂತು, ಪ್ರಯಾಣಿಕರ ರೈಲಿಗೆ 2007ರ ಡಿಸೆಂಬರ್. ಆ ಹತ್ತು ವರ್ಷದ ಬಿಡುವಿನಲ್ಲಿ ಹಾದಿ ನಡೆಯುವವರ ಪಾಲಾಯಿತು. ಬೆಂಗಳೂರಿನ ಚಾರಣಿಗರು ಅದನ್ನು ‘ಗ್ರೀನ್ ರೂಟ್’ ಎಂದರು. ದೋಣಿಗಲ್‌ನಿಂದ ಎಡಕುಮೇರಿಯವರೆಗೆ ಸುಮಾರು 18 ಕಿಲೋಮೀಟರ್ ನಡೆಯುವುದು ರೂಢಿಯಾಗಿತ್ತು.

ಹಳಿಯ ಮೇಲಿನ ನಡಿಗೆ ನಾವು ಅಂದುಕೊಂಡಷ್ಟು ಸಲೀಸಲ್ಲ. ಸ್ಲೀಪರ್‌ಗಳ ಅಂತರ ನಮ್ಮ ಹೆಜ್ಜೆಗೆ ಹೊಂದುವುದಿಲ್ಲ. ಒಂದೊಂದಾಗಿ ಮೆಟ್ಟಿದರೆ ಹೆಜ್ಜೆ ಗಿಡ್ಡ, ಒಂದು ಬಿಟ್ಟು ಒಂದು ಮೆಟ್ಟಿದರೆ ಉದ್ದ. ಬಿಟ್ಟು ಜಲ್ಲಿಗೆ ಇಳಿದರೆ ಕಾಲು ಹೊರಳುತ್ತದೆ. ಕಬ್ಬಿಣದ ಸೇತುವೆಗಳಲ್ಲಂತೂ ಸ್ಲೀಪರ್ ಸಂದಿಯಿಂದ ಕೆಳಗಿನ ಹೊಳೆ ಕಾಣುತ್ತದೆ. ಕೆಳಗೆ ನೋಡಬೇಡ ಎಂದುಕೊಂಡರೂ ಕಾಲಿಡುವ ಜಾಗ ನೋಡಲೇಬೇಕಲ್ಲ! ಸುರಂಗದೊಳಗೆ ಟಾರ್ಚ್ ಬೆಳಕು ಹತ್ತು ಹೆಜ್ಜೆ ದಾಟುತ್ತಿರಲಿಲ್ಲ. ನೀರು ತೊಟ್ಟಿಕ್ಕುವ ಸದ್ದು, ಬಾವಲಿಗಳ ವಾಸನೆ, ದೂರದಲ್ಲಿ ಕಾಸಗಲದ ಬೆಳಕು. ಅದು ತಟ್ಟೆಯಷ್ಟಾಗಿ, ಬಾಗಿಲಷ್ಟಾಗಿ, ಹೊರಗೆ ಕಾಲಿಟ್ಟರೆ ಕಣ್ಣು ಕುಕ್ಕುವ ಹಸಿರು. ಬರಿ ಎರೆ ಹೊಲ ನೋಡಿ ಬೆಳೆದ ನನಗೆ ಹಸಿರಿಗೆ ಇಷ್ಟು ಬಗೆ ಇದೆ ಎಂದು ತಿಳಿದದ್ದು ಆ ಸುರಂಗಗಳ ಬಾಯಲ್ಲಿ. ಮಳೆ ಬಿದ್ದ ದಿನವಾದರೆ ಬೂಟಿನೊಳಗೆ ಜಿಗಣೆ, ಅಲ್ಲಲ್ಲಿ ಆನೆಯ ಲದ್ದಿ.

ರೈಲಿಲ್ಲದ ಎಡಕುಮೇರಿ ನಿಲ್ದಾಣ ಚಾರಣಿಗರ ಛತ್ರವಾಗಿತ್ತು. ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ಕಾಡಿನೊಳಗೆ ಇಳಿದು ಹೊಳೆ ದಾಟಿ ಗುಂಡ್ಯದ ಹೆದ್ದಾರಿ ಸೇರಬೇಕಿತ್ತು.

ರೈಲು ಬಿಟ್ಟ ಹಾದಿಯಲ್ಲಿ ಜನ ನಡೆಯುವುದು ಬೇರೆಡೆಯೂ ಉಂಟು. ಪ್ಯಾರಿಸ್ ನಗರವನ್ನು ಸುತ್ತುವ ಹಳೆಯ ರೈಲು ಮಾರ್ಗದಲ್ಲಿ 1934ಕ್ಕೇ ಪ್ರಯಾಣಿಕರ ಓಡಾಟ ನಿಂತಿತು, ಈಗ ಅದರ ಕೆಲವು ಭಾಗ ನಡಿಗೆಯ ಹಾದಿ. ಅಲ್ಲಿ ಊರ ಜನರಿಗೆ ಆ ರೈಲಿನ ಅಗತ್ಯ ತೀರಿತ್ತು. ನಮ್ಮಲ್ಲಿ ತೀರಿರಲಿಲ್ಲ. ಮಂಗಳೂರಿನ ಬಂದರಿಗೂ ಕರಾವಳಿಯ ಜನರಿಗೂ ಈ ಹಳಿ ಬೇಕೇ ಬೇಕಿತ್ತು. ರೈಲು ಮರಳಿದ್ದೇ ಸರಿ ಎಂದು, ಆ ನಡಿಗೆಯನ್ನು ಅಷ್ಟು ಪ್ರೀತಿಸಿದ ನಾನೂ ಹೇಳುತ್ತೇನೆ. ಈಗ ಅಲ್ಲಿ ನಡೆಯುವುದು ಅಪರಾಧ, ಜೀವಕ್ಕೂ ಅಪಾಯ. ಸುರಂಗದ ನಡುವೆ ರೈಲು ಬಂದರೆ ಸರಿಯಲು ಜಾಗವೆಲ್ಲಿ? ನೋಡಲೇಬೇಕೆನ್ನುವವರಿಗೆ ಬೆಂಗಳೂರು–ಮಂಗಳೂರು ಹಗಲು ರೈಲಿನ ಕಿಟಕಿ ಇದೆ. ಘಟ್ಟದಲ್ಲಿ ಅದು ನಿಧಾನವಾಗಿಯೇ ಇಳಿಯುತ್ತದೆ.

ಮಳೆಗಾಲದಲ್ಲಿ ಗುಡ್ಡ ಕುಸಿದು ಮಾರ್ಗ ಮುಚ್ಚುವುದುಂಟು. 2018ರ ಆಗಸ್ಟ್‌ನಲ್ಲಿ ಹೀಗಾಯಿತು, 2024ರ ಜುಲೈನಲ್ಲಿ ಎಡಕುಮೇರಿಯ ಹತ್ತಿರ ಮತ್ತೆ ಕುಸಿಯಿತು. ಅದಕ್ಕೇ ಜಡಿಮಳೆಯ ರಾತ್ರಿಗಳಲ್ಲಿ ರೈಲ್ವೆ ಗಸ್ತಿನವರು ಟಾರ್ಚ್ ಹಿಡಿದು, ಮಣ್ಣು ಜಾರಿದೆಯೇ, ಕಲ್ಲು ಉರುಳಿದೆಯೇ ಎಂದು ನೋಡುತ್ತಾ ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ ಹಾಕುತ್ತಾರೆ.